ಷರಾ

ಐದನೇ ತಾರೀಕಿನೊಳಗೆ ವರದಿ ಹೋಗಬೇಕು ಶಿವಮೊಗ್ಗಕ್ಕೆ.
ಹದಿನಾಲ್ಕು ಶಾಲೆ, ಒಂದು ಸ್ಕೂಟಿ,
ಸೀಟಿನಡಿ ಒಂದು ಕಟ್ಟು ಪ್ರಶ್ನಾವಳಿ.
ಆಯನೂರಿನಿಂದ ಆನಂದಪುರದವರೆಗೆ
ಮಕ್ಕಳ ಮನಸ್ಸನ್ನು ತಲೆಯೆಣಿಕೆಗೆ ತರುವುದು ನನ್ನ ನೌಕರಿ.

ಕುಂಸಿಯ ಹತ್ತಿರ ರೈಲ್ವೆ ಗೇಟು ಬಿದ್ದಿದೆ.
ತಾಳಗುಪ್ಪದ ಗಾಡಿ ದಾಟುವಷ್ಟರಲ್ಲಿ
ಫೋನಿನಲ್ಲೇ ಮೂರು ಕಾಲಂ ತುಂಬಬಹುದು.
ತಪಾಸಣೆಗೊಳಗಾದವರು: ಮುನ್ನೂರ ಹನ್ನೆರಡು.
ಆಪ್ತ ಸಮಾಲೋಚನೆ ಪಡೆದವರು: ಹತ್ತೊಂಬತ್ತು.
ಗುಣಮುಖರಾದವರು:
ಇಲ್ಲಿ ಬೆರಳು ನಿಲ್ಲುತ್ತದೆ.
ಖಾಲಿ ಬಿಟ್ಟರೆ ತಂತ್ರಾಂಶ ಮುಂದೆ ಬಿಡುವುದಿಲ್ಲ.

ಮೊದಲ ಸಲ ಹೋದಾಗ ಹೆಡ್ ಮಾಸ್ತರು ಹಾಲಪ್ಪನವರು
ಕುರ್ಚಿ ಒರೆಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದ್ದರು:
"ಅಂಥ ಮಕ್ಕಳು ನಮ್ಮಲ್ಲಿಲ್ಲ ಮೇಡಂ,
ಎಲ್ಲ ಬಡವರ ಮಕ್ಕಳು."
ಬಡತನವೂ ಒಂದು ಲಸಿಕೆ ಎಂಬ ಹಾಗೆ.

ಕೊಠಡಿ ಕೇಳಿದ್ದಕ್ಕೆ ಆಟದ ಸಾಮಾನಿನ ಕೋಣೆ ಸಿಕ್ಕಿತು.
ತುಕ್ಕು ಹಿಡಿದ ಗುಂಡು, ಹೋದ ಜನವರಿಯ ಕಾಗದದ ಬಾವುಟ,
ಗಾಳಿ ಹೋದ ವಾಲಿಬಾಲು, ನಡುವೆ ಎರಡು ಕುರ್ಚಿ.
ಬಾಗಿಲಿಗೆ ಬೋರ್ಡು ಬರೆಸುತ್ತೇನೆಂದರು, ಬೇಡವೆಂದೆ.
ಬೋರ್ಡು ಬಿದ್ದರೆ ಒಳಗೆ ಹೊಕ್ಕವರಿಗೆಲ್ಲ
ಊಟದ ಗಂಟೆಯೊಳಗೆ ಹೊಸ ಹೆಸರು ಇಟ್ಟಾಗಿರುತ್ತದೆ.

ಅವನು ಬಂದದ್ದು ಪಂಪು ಹುಡುಕಿಕೊಂಡು.
ಹೆಸರು ಬರೆಯಬಾರದು, ನಿಯಮ;
ವರದಿಯಲ್ಲಿ ಅವನು ಕ್ರಮಸಂಖ್ಯೆ ಹದಿನೇಳು.
ಚೆಂಡನ್ನು ಕಾಲುಗಳ ನಡುವೆ ಒತ್ತಿ ಹಿಡಿದು
ನಲವತ್ತು ನಿಮಿಷ ಗಾಳಿ ಹೊಡೆದ.
ತೂತಿದೆ ಎಂದು ಅವನಿಗೆ ಗೊತ್ತಿತ್ತು.
ನನಗೂ.
ನಾನು ಹೇಳಲಿಲ್ಲ, ಅವನು ನಿಲ್ಲಿಸಲಿಲ್ಲ.
ಬೆಲ್ಲು ಹೊಡೆದಾಗ ಎದ್ದು, "ಮಂಗಳವಾರ ಮತ್ತೆ ಹೊಡೀತೀನಿ" ಅಂದ.

ಪ್ರಶ್ನಾವಳಿಯ ಇಪ್ಪತ್ತೈದಕ್ಕೂ ಅವನು 'ಇಲ್ಲ' ಎಂದು ಗೀಚಿದ್ದ.
ನಿದ್ದೆ ಬರುವುದಿಲ್ಲವೇ? ಇಲ್ಲ.
ಸ್ನೇಹಿತರಿದ್ದಾರೆಯೇ? ಇಲ್ಲ.
ಒಟ್ಟು ಕೂಡಿದ ಯಂತ್ರ 'ಸಾಮಾನ್ಯ' ಎಂದಿತು.

ಬಿಸಿಯೂಟದ ಗುತ್ಯಮ್ಮನಿಗೆ ಓದು ಬರುವುದಿಲ್ಲ.
ಸೌಟು ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು:
"ಆ ಹುಡುಗ ಮೊಟ್ಟೆ ತಿನ್ನಲ್ಲ ಕಣವ್ವ, ಜೇಬಿಗೆ ಹಾಕ್ಕೊಂಡು ಹೋಗ್ತಾನೆ.
ಅವರಮ್ಮ ದೀಪಾವಳಿಗೆ ಮಲಗಿದೋಳು ಮೇಲೆದ್ದಿಲ್ಲ.
ಜ್ವರ ಇಲ್ಲ, ಗಾಯ ಇಲ್ಲ.
ಇವನೇ ಬಿಡಿಸಿ ತಿನ್ನಿಸ್ತಾನಂತೆ."
ಆಮೇಲೆ, "ನಾನು ದಿನಾ ಎರಡು ಹಾಕ್ತೀನಿ,
ಲೆಕ್ಕದಲ್ಲಿ ಒಂದು ಒಡೀತು ಅಂತೀನಿ,
ನೀವು ಬರ್ಕೋಬೇಡಿ."

ಬರೆದುಕೊಳ್ಳಲಿಲ್ಲ.

ತಾಯಿಗೆ ತಾಲ್ಲೂಕು ಆಸ್ಪತ್ರೆಯ ಚೀಟಿ ಬರೆದೆ.
ಮನಸ್ಸಿನ ಡಾಕ್ಟರು ಅಲ್ಲಿಗೆ ತಿಂಗಳಿಗೆರಡು ಗುರುವಾರ ಬರುತ್ತಾರೆ;
ಒಂದು ಗುರುವಾರ ಡಾಕ್ಟರು ರಜೆ,
ಇನ್ನೊಂದು ಗುರುವಾರ ಅವಳು ಬಸ್ಸು ಹತ್ತಲಿಲ್ಲ.
ಅವಳು ನನ್ನ ಯೋಜನೆಯ ವಯೋಮಿತಿಯೊಳಗೂ ಬರುವುದಿಲ್ಲ.

ಶಿಕ್ಷಕರ ತರಬೇತಿ ಮುಗಿದ ಸಂಜೆ
ಎಲ್ಲರೂ ಭತ್ಯೆಗೆ ಸಹಿ ಹಾಕಿ ಹೊರಟ ಮೇಲೆ
ಗಣಿತದ ಸರ್ವಮಂಗಳಾ ಟೀಚರು ಬ್ಯಾಗಿನ ಜಿಪ್ಪು
ಎಳೆಯುತ್ತ, ಮುಚ್ಚುತ್ತ ಕೇಳಿದರು,
"ಈ ಫಾರಂ ದೊಡ್ಡವರಿಗೂ ಇದೆಯಾ?"
ಇದ್ದ ಚಹಾ ಆರಿತ್ತು. ಇಬ್ಬರೂ ಕುಡಿದೆವು.

ಹೋದ ವಾರ ಕ್ರಮಸಂಖ್ಯೆ ಹದಿನೇಳು
ಪಂಪಿನ ಮೇಲೆ ಕೈಯಿಟ್ಟೇ, ತಲೆ ಎತ್ತದೆ ಅಂದ:
"ಅಮ್ಮ ನಿನ್ನೆ ತಾನೇ ಸಿಪ್ಪೆ ಬಿಡಿಸಿದಳು."
ಅಷ್ಟೇ.
ಆಮೇಲೆ ಮತ್ತೆ ಗಾಳಿ, ಮತ್ತೆ ಆ ಸಣ್ಣ ಸುಯ್ಯೆನ್ನುವ ಸದ್ದು.

ಗಾಡಿ ದಾಟಿತು. ಗೇಟಿನ ಕೋಲು ಏಳುತ್ತಿದೆ.
ಹಿಂದಿನ ಟಿಪ್ಪರಿನವನು ಹಾರನ್ನು ಬಿಡುತ್ತಿಲ್ಲ.
ಗುಣಮುಖರಾದವರು: ಸೊನ್ನೆ ಒತ್ತಿದೆ,
ಯಂತ್ರ ಅದನ್ನೂ ಒಪ್ಪಿತು.
ಕೊನೆಯ ಕಾಲಂ ಷರಾ, ಐವತ್ತು ಅಕ್ಷರ ಮೀರದಂತೆ.
ಹಾಲಪ್ಪನವರು ಶಾಲಾ ನಿಧಿಯಿಂದ
ಹೊಸ ವಾಲಿಬಾಲು ಕೊಡಿಸುತ್ತೇನೆ ಎನ್ನುತ್ತಿದ್ದಾರೆ,
ಒಳ್ಳೆಯ ಮನಸ್ಸಿನಿಂದಲೇ.
ಬರೆದೆ:
ಸದ್ಯಕ್ಕೆ ಚೆಂಡು ಬದಲಿಸಬಾರದು.